ದಿನಕ್ಕೆ ಒಂದು ಮಿಲಿಮೀಟರು

ತೆಂಗಿನ ಮರದಿಂದ ಬಿದ್ದವರು, ಮೆಣಸು ಬಿಡಿಸುವ ಏಣಿಯಿಂದ ಜಾರಿದವರು, ಬೈಕಿನಿಂದ ಭುಜ ಊರಿ ಬಿದ್ದವರು ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಗೆ ಹೊಸಬರಲ್ಲ. ಮೂಳೆ ಮುರಿದರೆ ಮನೆಯವರೆಲ್ಲ ಆಸ್ಪತ್ರೆಗೆ ಓಡುತ್ತಾರೆ. ಮೂಳೆ ನೆಟ್ಟಗಿದ್ದು ಕೈ ಮಾತ್ರ ಸ್ವಾಧೀನ ತಪ್ಪಿ ಜೋತುಬಿದ್ದರೆ, ‘ನರ ಎಳೆದಿದೆ, ತಾನಾಗಿ ಬರುತ್ತೆ ಬಿಡು’ ಅಂತ ಎಣ್ಣೆ ತೀಡಿಸುತ್ತ ಕೂರುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳೇ, ಅಂಥ ಮನೆಯಲ್ಲಿ ನೀವಿದ್ದರೆ ಸುಮ್ಮನಿರಬೇಡಿ.

ನರ ಚಿಗುರುತ್ತದೆ, ಅದು ಸುಳ್ಳಲ್ಲ. 1850ರಲ್ಲಿ ಅಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯರು ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ಆಚೆ ತುಂಡು ಹೇಗೆ ಶಿಥಿಲವಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರು. ಒಳಗಿನ ತಂತು ಸತ್ತರೂ ಅದನ್ನು ಸುತ್ತಿದ್ದ ಶ್ವಾನ್ ಕೋಶಗಳು ಸಾಲುಗಟ್ಟಿ ಉಳಿಯುತ್ತವೆ. ತೂಬು ಎತ್ತಿದಾಗ ಕೆರೆಯ ನೀರು ಹಳೆಯ ಕಾಲುವೆಯ ಜಾಡು ಹಿಡಿಯುವಂತೆ, ಮೇಲಿನ ತುದಿಯಿಂದ ಹೊರಟ ಹೊಸ ಎಳೆ ಆ ಸಾಲು ಹಿಡಿದು ಕೆಳಗಿಳಿಯುತ್ತದೆ.

ಇದನ್ನು ತಮ್ಮ ಮೈಮೇಲೇ ನೋಡಿಕೊಂಡವರೊಬ್ಬರಿದ್ದರು. ಲಂಡನ್ನಿನ ನರವೈದ್ಯ ಹೆನ್ರಿ ಹೆಡ್ 1903ರ ಏಪ್ರಿಲ್‌ನಲ್ಲಿ ತಮ್ಮ ಎಡಗೈಯಲ್ಲಿ ಚರ್ಮಕ್ಕೆ ಹೋಗುವ ನರವನ್ನು ಬೇಕೆಂದೇ ಕತ್ತರಿಸಿ ಹೊಲಿಸಿಕೊಂಡರು. ಆಮೇಲೆ ವರ್ಷಗಟ್ಟಲೆ ಕೇಂಬ್ರಿಡ್ಜ್‌ಗೆ ಹೋಗಿ ಕಣ್ಣು ಮುಚ್ಚಿ ಕೈ ಚಾಚಿ ಕೂರುತ್ತಿದ್ದರು. ಸೂಜಿ ಮೊನೆ, ಹತ್ತಿ, ಬಿಸಿ, ತಣ್ಣೀರು ಎಲ್ಲವನ್ನೂ ಮುಟ್ಟಿಸಿ ಬರೆದುಕೊಂಡವರು ಡಬ್ಲ್ಯೂ. ಎಚ್. ಆರ್. ರಿವರ್ಸ್. ಅದಕ್ಕೆ ತುಸು ಮುಂಚೆಯಷ್ಟೇ ನಮ್ಮ ಪಕ್ಕದ ನೀಲಗಿರಿಯಲ್ಲಿ ತೋಡ ಬುಡಕಟ್ಟಿನವರ ನಡುವೆ ಅಧ್ಯಯನ ಮಾಡಿ ಹೋಗಿದ್ದವರು ಇವರೇ. ನೋವು ಮೊದಲು ಮರಳಿತು, ಹತ್ತಿಯ ನವಿರು ಸ್ಪರ್ಶ ಬಹಳ ತಡವಾಗಿ. ಇವರಿಬ್ಬರು ಇದರಿಂದ ಕಟ್ಟಿದ ಸಿದ್ಧಾಂತ ಮುಂದೆ ನಿಲ್ಲಲಿಲ್ಲ. ಆದರೂ 1908ರಲ್ಲಿ ಅಚ್ಚಾದ ಆ ದಾಖಲೆಯ ಶ್ರದ್ಧೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಈಗ ಲೆಕ್ಕ ಹಾಕಿ. ಮನುಷ್ಯನ ನರ ಚಿಗುರುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಕತ್ತಿನ ಬುಡದಿಂದ ಅಂಗೈವರೆಗೆ ಎಪ್ಪತ್ತು ಸೆಂಟಿಮೀಟರ್ ಅಂದುಕೊಂಡರೂ ಏಳುನೂರು ದಿನ, ಹತ್ತಿರ ಹತ್ತಿರ ಎರಡು ವರ್ಷ. ಮಾಂಸಖಂಡ ಅಷ್ಟು ದಿನ ಕಾಯುವುದಿಲ್ಲ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸೊರಗುತ್ತ ಹೋಗಿ, ಒಂದರಿಂದ ಒಂದೂವರೆ ವರ್ಷದೊಳಗೆ ನರ ಬಂದು ಕೂಡುವ ತಾಣಗಳೇ ಹಾಳಾಗಿ ನಾರುಗಟ್ಟುತ್ತದೆ. ಆಮೇಲೆ ನರ ಬಂದರೂ ಕೈ ಏಳದು. ಅದಕ್ಕೇ ನರದ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಮೂರರಿಂದ ಆರು ತಿಂಗಳೊಳಗೆ ಅದು ಆಗಬೇಕು ಅನ್ನುವುದು. ತಾನಾಗಿ ಸರಿಹೋಗುವ ಪೆಟ್ಟುಗಳೂ ಇವೆ. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರು, ಅಕ್ಕಪಕ್ಕದವರಲ್ಲ. ಮೂರು ನಾಲ್ಕು ವಾರ ಕಳೆದ ಮೇಲೆ ಸ್ನಾಯುವಿನ ವಿದ್ಯುತ್ ಸಂಕೇತ ನೋಡುವ ಇಎಂಜಿ ಪರೀಕ್ಷೆ ಮಾಡಿದರೆ ಪೆಟ್ಟಿನ ಆಳ ಬಹುಮಟ್ಟಿಗೆ ತಿಳಿಯುತ್ತದೆ.

ದೂರ ಹೆಚ್ಚಾದರೆ ದೂರವನ್ನೇ ಕಡಿಮೆ ಮಾಡುವ ಉಪಾಯವೂ ಇದೆ. ಕಿರುಬೆರಳಿನ ಕಡೆ ಹೋಗುವ ಅಲ್ನಾರ್ ನರದಿಂದ ಒಂದೆರಡು ಎಳೆಯನ್ನಷ್ಟೇ ಬಿಡಿಸಿ, ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಅಲ್ಲೇ ಪಕ್ಕದಲ್ಲಿ ಸೇರಿಸಬಹುದೆಂದು ಫ್ರಾನ್ಸಿನ ಕ್ರಿಸ್ಟೋಫ್ ಓಬರ್ಲಿನ್ 1994ರಲ್ಲಿ ತೋರಿಸಿಕೊಟ್ಟರು. ಈಗ ನಮ್ಮ ದೇಶದಲ್ಲೂ ಮಾಡುತ್ತಾರೆ. ಆದರೆ ಎರಡು ವರ್ಷ ಎಣ್ಣೆ ತೀಡಿದ ಕೈಗೆ ಇದೂ ಒದಗದು.

ನಿಮ್ಮಲ್ಲಿ ವಿಜ್ಞಾನ ಓದುವವರಿಗೆ ಇನ್ನೊಂದು ಮಾತು. ಸ್ನಾಯುವಿಗೂ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಶಕ್ತಿಯುಂಟು. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುತಂತುವಿನ ಅಂಚಿಗೆ ಅಂಟಿಕೊಂಡ ಪುಟ್ಟ ಕೋಶಗಳನ್ನು ಗುರುತಿಸಿದರು. ಸ್ಯಾಟಲೈಟ್ ಕೋಶ ಎಂದು ಹೆಸರಾಯಿತು. ಪೆಟ್ಟು ಬೀಳುವವರೆಗೆ ಅವು ವಿಭಜಿಸದೆ ಸುಪ್ತವಾಗಿರುತ್ತವೆ. ಆ ಸುಪ್ತಸ್ಥಿತಿ ಹೇಗೆ ಉಳಿಯುತ್ತದೆ, ಎಚ್ಚರ ಹೇಗೆ ಆಗುತ್ತದೆ ಎಂಬುದನ್ನು ವಿಜ್ಞಾನಿ ಜ್ಯೋತ್ಸ್ನಾ ಧವನ್ ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲೂ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲೂ ವರ್ಷಾನುಗಟ್ಟಲೆ ಹುಡುಕಿದ್ದಾರೆ. ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಕೆ. ವಿಜಯರಾಘವನ್ ಅವರ ತಂಡ 2017ರಲ್ಲಿ ಹಣ್ಣಿನ ನೊಣದ ಹಾರುವ ಸ್ನಾಯುವಿನಲ್ಲೂ ಇಂಥ ಕೋಶಗಳಿವೆಯೆಂದು ಪ್ರಕಟಿಸಿತು. ಅಲ್ಲಿಯವರೆಗೆ ಬೆಳೆದ ನೊಣದಲ್ಲಿ ಅವು ಇಲ್ಲವೆಂದೇ ಭಾವನೆ. ನೊಣ ನೋಡುತ್ತ ಕೂತರೆ ಹೊಟ್ಟೆ ತುಂಬುತ್ತದೆಯೇ ಎಂದು ಊರಿನಲ್ಲಿ ಕೇಳಿದರೆ ಕಂಗೆಡಬೇಡಿ. ಕಪ್ಪೆಯ ನಾಲಿಗೆ ನೋಡಿದವರು ಇಲ್ಲದಿದ್ದರೆ ಇಂದು ನಮ್ಮೂರ ಹುಡುಗನೊಬ್ಬನ ಜೋತುಬಿದ್ದ ಕೈಯ ಬಗ್ಗೆ ವೈದ್ಯರಿಗೆ ಹೇಳಲು ಏನಿರುತ್ತಿತ್ತು?

ಬೆನ್ನುಹುರಿಯ ಮಾತು ಬೇರೆ. ಕೈಕಾಲಿನ ನರದಂತೆ ಅದು ಚಿಗುರದು. 1981ರಲ್ಲಿ ಕೆನಡಾದ ಆಲ್ಬರ್ಟ್ ಅಗ್ವಾಯೊ ಮತ್ತು ಸ್ಯಾಮ್ಯುಯೆಲ್ ಡೇವಿಡ್ ಇಲಿಯ ಕಾಲಿನ ನರದ ತುಂಡನ್ನು ಸೇತುವೆಯಾಗಿ ಇಟ್ಟಾಗ, ಮಿದುಳು-ಬೆನ್ನುಹುರಿಯ ಕೋಶಗಳೂ ಅದರೊಳಗೆ ಎಳೆ ಚಾಚಿದವು. ಬೆಳೆಯುವ ಶಕ್ತಿ ಇದೆ, ಸುತ್ತಲಿನ ಪರಿಸರ ಬಿಡುತ್ತಿಲ್ಲ ಎಂದಾಯಿತು. ಆದರೆ ತುಂಡಾದ ಬೆನ್ನುಹುರಿಯನ್ನು ಮನುಷ್ಯನಲ್ಲಿ ಮೊದಲಿನಂತೆ ಬೆಸೆಯುವ ಚಿಕಿತ್ಸೆ ಇನ್ನೂ ಬಂದಿಲ್ಲ.

ಈ ಜಾಗದಲ್ಲೇ ಮೋಸ ನುಗ್ಗುತ್ತದೆ. ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಕೊಟ್ಟು ನಡೆಸುತ್ತೇವೆ ಅನ್ನುವವರ ಮಾತು ಕೇಳಿ ತೋಟ ಒತ್ತೆ ಇಡಲು ಹೊರಟ ಅಪ್ಪ ಅಮ್ಮಂದಿರನ್ನು ನೀವು ತಡೆಯಬೇಕು. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಕಾಂಡಕೋಶವನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಸಹಿ ಹಾಕುವ ಮುನ್ನ ಕೇಳಿ: ಇದು ಪ್ರಯೋಗವೇ? ಹೌದಾದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆ ಎಲ್ಲಿ? ಪ್ರಯೋಗಕ್ಕೆ ಮೈಯೊಡ್ಡುವವನಿಂದ ದುಡ್ಡು ಯಾಕೆ ಕೇಳುತ್ತೀರಿ? ಉತ್ತರ ಬಾರದಿದ್ದರೆ ಅಪ್ಪನ ಕೈ ಹಿಡಿದು ಎದ್ದು ಬನ್ನಿ.