ಹಸ್ತಪ್ರತಿಯ ಅಂಚಿನಲ್ಲಿ

ನ್ಯಾಯಾಲಯದ ವ್ಯವಹಾರಗಳಲ್ಲಿ ಸಿವಿಲ್ ಎಂದೂ ಕ್ರಿಮಿನಲ್ ಎಂದೂ ಎರಡು ಬಗೆಗಳಿರುವುದನ್ನು ನೀವು ಕೇಳಿರಬಹುದು. ಕಳವು, ಕೊಲೆ, ಹೊಡೆದಾಟಗಳ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತದೆ. ಹೊಲದ ಬದು, ಮನೆಯ ಬಾಡಿಗೆ, ಕೊಟ್ಟ ಸಾಲ, ಒಡಹುಟ್ಟಿದವರ ಪಾಲು ಇವು ಸುದ್ದಿಯಾಗುವುದು ಅಪರೂಪ. ಆದರೆ ಸಾಮಾನ್ಯ ಮನುಷ್ಯನು ತನ್ನ ಬಾಳಿನಲ್ಲಿ ಕಾನೂನನ್ನು ಎದುರುಗೊಳ್ಳುವುದು ಹೆಚ್ಚಾಗಿ ಇಂತಹ ಸಿವಿಲ್ ವಿಷಯಗಳಲ್ಲಿಯೇ. ಹೀಗಿದ್ದೂ ಇವುಗಳನ್ನು ಅವನಿಗೆ ತಿಳಿಯುವ ಕನ್ನಡದಲ್ಲಿ ಬರೆದವರು ಕಡಿಮೆ.

ಈ ಕೊರತೆಯನ್ನು ಕೊಂಚಮಟ್ಟಿಗೆ ನೀಗಬೇಕೆಂಬ ಹಂಬಲ ನನ್ನ ಮಿತ್ರರಾದ ವಕೀಲರೊಬ್ಬರಿಗೆ ಉಂಟಾಯಿತು. ವೃತ್ತಿಯಿಂದ ನಿವೃತ್ತರಾದ ಮೇಲೆ ಅವರು ನೂರಿಪ್ಪತ್ತು ಪುಟಗಳ ಹಸ್ತಪ್ರತಿಯೊಂದನ್ನು ಸಿದ್ಧಪಡಿಸಿ ನನ್ನ ಮೇಜಿನ ಮೇಲಿಟ್ಟರು. “ನೀವು ಕನ್ನಡದ ಮೇಷ್ಟ್ರು. ಕಾಗುಣಿತ ನೋಡಿಕೊಡಿ, ಸಾಕು” ಎಂದರು.

ಕಾಗುಣಿತದ ತಪ್ಪು ಅದರಲ್ಲಿ ಇರಲೇ ಇಲ್ಲ. ಆದರೆ ಮೊದಲ ಪುಟದಲ್ಲಿಯೇ ಇಂತಹದೊಂದು ವಾಕ್ಯವಿತ್ತು: “ಸದರಿ ಸಾಲದ ಬಾಬ್ತು ವಾದಿಯು ಹೂಡಿರುವ ದಾವೆಯು ಅವಧಿಬಾಹಿರವಾದ ಕಾರಣ ವಜಾಕ್ಕೆ ಅರ್ಹವಾಗಿರತಕ್ಕದ್ದು.” ‘ಭಾಷೆ ಕಠಿಣವಾಗಿದೆ’ ಎಂದು ಅಂಚಿನಲ್ಲಿ ಬರೆದು ಪುಟ ತಿರುಗಿಸುವುದು ಸುಲಭ. ಅದರಿಂದ ಬರೆದವನಿಗೆ ಬೇಸರವಾಗುವುದೇ ಹೊರತು ಉಪಯೋಗವಿಲ್ಲ. ಓದುಗನು ಯಾವ ಮಾತಿನಲ್ಲಿ ಎಡವುತ್ತಾನೆಂಬುದನ್ನು ತೋರಿಸಬೇಕು. ಇಲ್ಲಿ ಎಡವುವ ಮಾತು ‘ಅವಧಿಬಾಹಿರ’. ನಾನು ಅದನ್ನು ಹೊಡೆದುಹಾಕಿ, “ಮೂರು ವರ್ಷ ಕಳೆದರೆ ಸಾಲ ತೀರಿಹೋಗುತ್ತದೆ ಎಂದು ಸರಳವಾಗಿ ಬರೆಯಿರಿ” ಎಂದು ಪೆನ್ಸಿಲಿನಲ್ಲಿ ಬರೆದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆನೆಂದು ಹೇಳಲು ಸಂಕೋಚವಿಲ್ಲ.

ಮರುದಿನ ವಕೀಲರು ಅದನ್ನೋದಿ ನಕ್ಕುಬಿಟ್ಟರು. “ಸಾಲ ಎಲ್ಲಿ ತೀರಿತು ಮೇಷ್ಟ್ರೇ? ತೀರಿದ್ದು ದಾವೆ ಹೂಡುವ ಅವಕಾಶ” ಎಂದರು. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಸಾಮಾನ್ಯವಾದ ಕೈಸಾಲದ ವಸೂಲಿಗೆ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆ ಗಡುವು ಮುಗಿಯುವ ಮುನ್ನ ಸಾಲಗಾರನು ಸಾಲವಿರುವುದು ನಿಜವೆಂದು ಬರೆದು ಸಹಿ ಮಾಡಿಕೊಟ್ಟರೆ ಮೂರು ವರ್ಷದ ಲೆಕ್ಕ ಅಂದಿನಿಂದ ಹೊಸದಾಗಿ ಆರಂಭವಾಗುತ್ತದೆ. ಗಡುವು ಮುಗಿದ ಮೇಲೆ ಸಾಲಗಾರನು ತಾನಾಗಿ ಹಣ ಕೊಟ್ಟರೆ ಅದನ್ನು ಮತ್ತೆ ಹಿಂದಕ್ಕೆ ಕೇಳಲು ಬಾರದು. ಏಕೆಂದರೆ ಋಣವು ಋಣವಾಗಿಯೇ ಉಳಿದಿರುತ್ತದೆ. ನನ್ನ ಸರಳವಾಕ್ಯ ಅಚ್ಚಾಗಿದ್ದರೆ ಸಾಲ ಕೊಟ್ಟವನೊಬ್ಬನು ಬರಬೇಕಾದ ಹಣವನ್ನು ಕೈಬಿಡುತ್ತಿದ್ದನು.

ಅಂದಿನಿಂದ ಅಂಚಿನಲ್ಲಿ ವಾಕ್ಯಗಳನ್ನು ತಿದ್ದಿ ಬರೆಯುವುದನ್ನು ಬಿಟ್ಟು, ಕೇವಲ ಪ್ರಶ್ನೆಗಳನ್ನು ಬರೆಯತೊಡಗಿದೆ. “ಬಾಡಿಗೆಯ ವ್ಯಾಜ್ಯದಲ್ಲಿ ಪ್ರತಿವಾದಿಯನ್ನು ಆರೋಪಿ ಎಂದು ಕರೆದಿದ್ದೀರಿ, ಅವನು ಮಾಡಿದ ಅಪರಾಧವೇನು?” ಎಂದು ಒಂದು ಕಡೆ ಕೇಳಿದೆ. ಅವರು ಆ ಪದವನ್ನು ಕೂಡಲೇ ಬದಲಿಸಿದರು. ಮತ್ತೊಂದು ಕಡೆ, “ಪಹಣಿಯಲ್ಲಿ ನನ್ನ ಹೆಸರಿದೆಯಲ್ಲ, ಕ್ರಯಪತ್ರ ಏಕೆ ಬೇಕೆಂದು ರೈತನು ಕೇಳಿದರೆ?” ಎಂದು ಬರೆದೆ. ಅದಕ್ಕಾಗಿ ಅವರು ಒಂದು ಹೊಸ ಪರಿಚ್ಛೇದವನ್ನೇ ಸೇರಿಸಿದರು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಪಹಣಿಯ ನಮೂದನ್ನು, ಸುಳ್ಳೆಂದು ಸಿದ್ಧವಾಗುವವರೆಗೆ, ನಿಜವೆಂದು ಭಾವಿಸತಕ್ಕದ್ದು. ಆದರೆ ಒಡೆತನವನ್ನು ಹುಟ್ಟಿಸುವ ಶಕ್ತಿ ಆ ನಮೂದಿಗಿಲ್ಲ.

ಒಂಬತ್ತನೆಯ ಅಧ್ಯಾಯದ ಹೆಸರು ‘ಹೆಣ್ಣುಮಕ್ಕಳ ಪಾಲು’. ಅದನ್ನು ನಾನು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದೆ. ಬರೆಹದ ಓಟ ಸರಿಯಿದೆಯೇ ಎಂದು ಕಿವಿಯಿಂದ ಪರೀಕ್ಷಿಸುವುದು ನನ್ನ ಹಳೆಯ ಅಭ್ಯಾಸ. ದಿನವೂ ನಮ್ಮ ಬೀದಿಗೆ ಹೂವು ತರುವ ಹೆಂಗಸು ಮೆಟ್ಟಿಲ ಮೇಲೆ ಬುಟ್ಟಿಯಿಳಿಸಿ ಕೇಳುತ್ತಿದ್ದಳು. “1994ರ ಜುಲೈ 30ಕ್ಕೆ ಮೊದಲೇ ಮದುವೆಯಾದ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಪಾಲಿಲ್ಲ” ಎಂಬ ವಾಕ್ಯ ಬಂದಿತು.

“ಹಾಗಾದರೆ ಸರಿ, ಸ್ವಾಮಿ. ನಮ್ಮಣ್ಣ ಒಂದು ಕಾಗದ ಕಳಿಸಿದ್ದಾನೆ. ನನ್ನದು 1988ರಲ್ಲಿ ಮದುವೆಯಾದದ್ದು. ನಾಳೆ ಹೆಬ್ಬೆಟ್ಟು ಒತ್ತಿಬಿಡುತ್ತೇನೆ” ಎಂದು ಅವಳು ಬುಟ್ಟಿಯನ್ನೆತ್ತಿಕೊಂಡಳು.

“ಒಂದೆರಡು ದಿನ ತಡೆಯಮ್ಮ” ಎಂದೆ. ಕಾನೂನು ನನಗೆ ತಿಳಿದಿತ್ತೆಂದಲ್ಲ. ಆ ವಾಕ್ಯದಲ್ಲಿ ನಿಯಮವಿತ್ತು, ದಿನಾಂಕವಿತ್ತು. ಅದು ಯಾವ ಕಾಯಿದೆಯ ಮಾತು, ಇಂದಿಗೂ ಜಾರಿಯಲ್ಲಿದೆಯೇ ಎಂಬುದು ಮಾತ್ರ ಇರಲಿಲ್ಲ. ಸಾಲಗಾರನ ವಿಷಯದಲ್ಲಿ ಒಮ್ಮೆ ಎಡವಿದ್ದರಿಂದ ನನಗೆ ಭಯ ಹುಟ್ಟಿತ್ತು. ಆ ಸಂಜೆಯೇ ಹಸ್ತಪ್ರತಿಯನ್ನು ಹಿಡಿದುಕೊಂಡು ವಕೀಲರ ಮನೆಗೆ ಹೋಗಿ ಆ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇದು ಯಾವ ವರ್ಷದ ಮಾತು?” ಎಂದು ಕೇಳಿದೆ.

ಅವರು ಕನ್ನಡಕ ಸರಿಪಡಿಸಿಕೊಂಡು ಓದಿದರು. ಅವರ ಮುಖ ಕಳೆಗುಂದಿತು. ಆ ಅಧ್ಯಾಯವನ್ನು ಅವರು ಬಹಳ ಹಿಂದೆ ಒಂದು ಭಾಷಣಕ್ಕಾಗಿ ಬರೆದಿಟ್ಟ ಟಿಪ್ಪಣಿಯಿಂದ ಹಾಗೆಯೇ ನಕಲು ಮಾಡಿದ್ದರು. 1994ರಲ್ಲಿ ಕರ್ನಾಟಕವು ಮಾಡಿದ ತಿದ್ದುಪಡಿಯಲ್ಲಿ ಅಂತಹ ನಿಬಂಧನೆ ಇದ್ದುದು ನಿಜ. ಆದರೆ ಸಂಸತ್ತು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು 2005ರಲ್ಲಿ ತಿದ್ದಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕನ್ನು ಕೊಟ್ಟಿತು. ಅದು ಆ ವರ್ಷದ ಸೆಪ್ಟೆಂಬರ್ 9ರಂದು ಜಾರಿಗೆ ಬಂದಿತು. ಅದರಲ್ಲಿ ಮದುವೆಯ ಮಾತಿಲ್ಲ. ತಂದೆ ಆ ದಿನ ಬದುಕಿರಬೇಕೆಂಬ ವಾದವನ್ನೂ ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ತೀರ್ಪಿನಲ್ಲಿ ತಳ್ಳಿಹಾಕಿತು.

“ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಹಳೆಯ ಕಾಗದವನ್ನು ನಂಬಿಬಿಟ್ಟೆ” ಎಂದರು ವಕೀಲರು. ನಾನು ಸಮಾಧಾನದ ಮಾತನಾಡಲಿಲ್ಲ. ಹೂವಿನವಳ ಸಂಗತಿಯನ್ನು ತಿಳಿಸಿದೆ, ಅಷ್ಟೆ. ಅವರು ಬಹಳ ಹೊತ್ತು ಮೌನವಾಗಿದ್ದು, ಅಂದು ರಾತ್ರಿಯೇ ಅಧ್ಯಾಯವನ್ನು ಹೊಸದಾಗಿ ಬರೆದರು. ತಂದೆಯ ಸ್ವಯಾರ್ಜಿತ ಆಸ್ತಿಯ ವಿಷಯವನ್ನು ಬೇರೆಯಾಗಿಯೇ ವಿವರಿಸಿದರು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅಂತಹ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ 1956ರಿಂದಲೇ ಸಮಪಾಲಿದೆ. ಪ್ರತಿ ಅಧ್ಯಾಯದ ತಲೆಯಲ್ಲಿಯೂ ಅದನ್ನು ಬರೆದು ಮುಗಿಸಿದ ತಿಂಗಳು ಮತ್ತು ವರ್ಷವನ್ನು ನಮೂದಿಸಿದರು.

ಎರಡು ದಿನಗಳ ಮೇಲೆ ಅವರೇ ನಮ್ಮ ಜಗಲಿಗೆ ಬಂದು ಹೊಸ ಪುಟಗಳನ್ನು ಓದಿದರು. ಹೂವಿನವಳು ಕೊನೆಯವರೆಗೆ ಅಲುಗಾಡದೆ ಕೇಳಿದಳು. ಚೆನ್ನಾಗಿದೆಯೆಂದು ಅವಳು ಹೇಳಲಿಲ್ಲ. “ಪಾಲಾಗಿ ಬಹಳ ವರ್ಷ ಆಯಿತು, ನಿನಗೇನೂ ಬರುವುದಿಲ್ಲ ಎಂದು ಅಣ್ಣ ಅಂದರೆ, ಆಗ ಏನು ಸ್ವಾಮಿ?” ಎಂದು ಕೇಳಿದಳು.

ವಕೀಲರು ನನ್ನ ಮುಖ ನೋಡಿದರು. ಆ ಪ್ರಶ್ನೆಗೆ ಅಧ್ಯಾಯದಲ್ಲಿ ಉತ್ತರವಿರಲಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗವು ಊರ್ಜಿತವಾಗಿಯೇ ಉಳಿಯುತ್ತದೆಂದೂ, ಬರಿಯ ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿಲ್ಲದೆ ನ್ಯಾಯಾಲಯ ಒಪ್ಪುವುದಿಲ್ಲವೆಂದೂ ಅವರು ಅವಳಿಗೆ ಬಿಡಿಸಿ ಹೇಳಿದರು. ಅಣ್ಣ ಕಳಿಸಿದ ಕಾಗದವನ್ನು ಮರುದಿನ ತಂದು ತೋರಿಸುವಂತೆ ತಿಳಿಸಿದರು. ಆಮೇಲೆ ನನ್ನ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡು, ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲಿಯೇ ಅಂಚಿನಲ್ಲಿ ಬರೆದುಕೊಂಡರು.