ಹಗ್ಗದ ಹಿಂದಿನ ತುದಿ

ಮಗಾ, ನಿನ್ನೆ ರಾತ್ರಿ ಜಗಲಿಯಲ್ಲಿ ಕೂತು ನೀನು ಗೆಳೆಯನ ಜೊತೆ ಫೋನಿನಲ್ಲಿ ಆಡಿದ ಮಾತು ನನ್ನ ಕಿವಿಗೆ ಬಿತ್ತು. "ಬೊಲೆರೊ ತಗೊಂಡು ಬಾ, ಹಗ್ಗ ಕಟ್ಟಿ ಬೆಂಗಳೂರಿಗೆ ಎಳ್ಕೊಂಡು ಹೋಗೋಣ. ಬೊಲೆರೊ ನಾನು ಓಡಿಸ್ತೀನಿ, ಕಾರಲ್ಲಿ ಚಿಕ್ಕೋನು ಸುಮ್ನೆ ಸ್ಟೀರಿಂಗ್ ಹಿಡ್ಕೊಂಡು ಕೂತ್ರೆ ಸಾಕು" ಅಂದೆ. ಆ "ಸುಮ್ನೆ" ಅನ್ನುವ ಮಾತು ನನ್ನನ್ನು ರಾತ್ರಿಯೆಲ್ಲ ಮಲಗಲು ಬಿಡಲಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದವನು ನಾನು. ಎಳೆದಿದ್ದೇನೆ, ಎಳೆಸಿಕೊಂಡಿದ್ದೇನೆ. ಹಗ್ಗ ಕಟ್ಟುವ ಮೊದಲು ನನ್ನ ಹತ್ತಿರ ಒಂದು ಗಳಿಗೆ ಕೂತುಕೊ.

ನಿನ್ನ ಕಾರಿನ ಮೇಲೆ ನಿನಗಿರುವ ಪ್ರೀತಿ ನನಗೆ ಗೊತ್ತು. ಹುಣಸೆಮರದ ನೆರಳಲ್ಲಿ ನಿಂತಿರುವ ಆ ಕೆಂಪು ಸ್ಟಾರ್ಮ್ ನೋಡಲು ಊರಿನ ಹುಡುಗರೆಲ್ಲ ಬಂದು ಹೋದರು. ಸ್ಯಾನ್ ಕಂಪನಿಯವರು 1998ರ ಹೊತ್ತಿಗೆ ಅದನ್ನು ಹೊರತಂದಾಗ ನಾನೂ ಬೆಂಗಳೂರಿನ ರಸ್ತೆಯಲ್ಲಿ ಒಂದನ್ನು ಕಂಡು ಲಾರಿ ನಿಧಾನ ಮಾಡಿ ನೋಡಿದವನೇ. ಎರಡೇ ಸೀಟು, ಫೈಬರ್ ಮೈ, ರೆನೋದ ಪುಟ್ಟ ಎಂಜಿನ್ನು. ಅಂಥ ಗಾಡಿಯನ್ನು ಈ ಕಾಲದಲ್ಲಿ ಹುಡುಕಿ ಕೊಂಡು, ನಮ್ಮ ಕಂಬದೂರಿನ ತನಕ ಓಡಿಸಿಕೊಂಡು ಬಂದು ಮಲ್ಲಿಕಾರ್ಜುನನ ಗುಡಿ ಮುಂದೆ ನಿಲ್ಲಿಸಿದೆಯಲ್ಲ, ನಿಮ್ಮಪ್ಪನಿಗಿಂತ ನನಗೇ ಹೆಚ್ಚು ಹೆಮ್ಮೆಯಾಯಿತು. ಟೈಮಿಂಗ್ ಬೆಲ್ಟ್ ಕಿತ್ತುಹೋದದ್ದು ಯಾರ ತಪ್ಪೂ ಅಲ್ಲ. ಹಳೇ ರಬ್ಬರು.

ಆದರೆ ಬೆಂಗಳೂರು ಇಲ್ಲಿಂದ ಎಷ್ಟು ದೂರ? ಪಾವಗಡ, ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ. ನೂರೈವತ್ತು ಕಿಲೋಮೀಟರಿಗೆ ಮಿಕ್ಕ ದಾರಿ. ನಾನು ಲಾರಿ ಹಿಡಿದ ಕಾಲದ 1989ರ ರಸ್ತೆ ನಿಯಮಾವಳಿಯಲ್ಲಿ ಈ ಎಳೆಯುವ ಕೆಲಸಕ್ಕೆಂದೇ ಬರೆದದ್ದಿತ್ತು. ಕೆಟ್ಟುನಿಂತ ಗಾಡಿಯನ್ನು ಮಾತ್ರ ಎಳೆಯಬೇಕು. ಎಳೆಸಿಕೊಳ್ಳುವ ಗಾಡಿಯ ಸ್ಟೀರಿಂಗಿನಲ್ಲಿ ಲೈಸೆನ್ಸ್ ಇರುವವನೇ ಕೂತಿರಬೇಕು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು. ವೇಗ ಗಂಟೆಗೆ 24 ಕಿಲೋಮೀಟರ್ ಮೀರಕೂಡದು. ಹಗ್ಗ ಬೇರೆಯವರ ಕಣ್ಣಿಗೆ ಕಾಣುವಂತಿರಬೇಕು. ಹಿಂದಿನ ಗಾಡಿಯ ಬೆನ್ನಿಗೆ ಬಿಳಿ ಹಲಗೆಯ ಮೇಲೆ 75 ಮಿಲಿಮೀಟರ್ ಎತ್ತರದ ಕಪ್ಪಕ್ಷರದಲ್ಲಿ 'ಆನ್ ಟೋ' ಎಂದು ಬರೆದಿರಬೇಕು. 2017ರಲ್ಲಿ ಆ ನಿಯಮಾವಳಿಯ ಜಾಗಕ್ಕೆ ಹೊಸದು ಬಂದಿದೆ, ಆದರೂ ನಾನು ಆ ಹಳೆಯ ಲೆಕ್ಕವನ್ನೇ ಹಿಡಿದಿದ್ದೇನೆ, ನೀನೂ ಹಿಡಿ. 24ರ ವೇಗದಲ್ಲಿ ಬೆಂಗಳೂರಿಗೆ ಎಂಟು ಗಂಟೆಯಾದರೂ ಬೇಕು. ಎಂಟು ಗಂಟೆ ಹಗ್ಗದ ಹಿಂದೆ ಕೂರುವ ಗಮನ ಯಾವ ಮನುಷ್ಯನಿಗೂ ಇಲ್ಲ ಮಗಾ. ಆದ್ದರಿಂದ ಹತ್ತಿರದ ಕಲ್ಯಾಣದುರ್ಗದ ತನಕ ಮಾತ್ರ ಎಳೆಯೋಣ. ಅಲ್ಲಿ ಷೆಡ್ಡಿನಲ್ಲಿ ನಿಲ್ಲಿಸಿ, ಬೆಂಗಳೂರಿಗೆ ಫ್ಲ್ಯಾಟ್‌ಬೆಡ್ ಲಾರಿ ಮೇಲೆ ಹೇರಿ ಕಳಿಸು. ದುಡ್ಡು ಕಡಿಮೆ ಬಿದ್ದರೆ ನಾನು ಕೊಡುತ್ತೇನೆ.

ಆ 5 ಮೀಟರ್ ಅಂದರೆ ಏನೆಂದು ಲೆಕ್ಕ ಹಾಕಿ ನೋಡಿದ್ದೀಯಾ? 24ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಆರೂವರೆ ಮೀಟರಿಗಿಂತ ಹೆಚ್ಚು ಓಡುತ್ತದೆ. ಮುಂದಿನವನು ಗಕ್ಕನೆ ನಿಂತರೆ ಹಿಂದಿನವನಿಗೆ ಸಿಗುವುದು ಮುಕ್ಕಾಲು ಸೆಕೆಂಡು. ನೀನು 50ರಲ್ಲಿ ಹೋದರೆ ಅದರ ಅರ್ಧವೂ ಇಲ್ಲ. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ನಿನ್ನ ಫೈಬರ್ ಮೂತಿ ಬೊಲೆರೊದ ಕೆಳಗೆ. ಅದು ತಗ್ಗು ಕಾರು, ಬೊಲೆರೊದ ಬಂಪರ್ ನೇರ ಗಾಜಿನ ಮಟ್ಟಕ್ಕೆ ಬರುತ್ತದೆ.

ಹಗ್ಗ ಎಳೆಯುತ್ತದೆ, ತಡೆಯುವುದಿಲ್ಲ. ನಿನ್ನ ತಾತ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ಹತ್ತಿರ ನಾನು ಕಲಿತ ಮೊದಲ ಪಾಠ ಅದೇ. ಎತ್ತು ಇಳಿಜಾರಿನಲ್ಲಿ ಇಳಿಯುವಾಗ ಅವನು ಮಿಣಿಯ ಮೇಲೆ ಕೂರುತ್ತಿದ್ದ, ಮಿಣಿ ಬಿಗಿದೇ ಇರುತ್ತಿತ್ತು. ಸಡಿಲ ಬಿಟ್ಟು ಎತ್ತು ಒಮ್ಮೆಗೇ ಮುನ್ನುಗ್ಗಿತೋ, ಗಕ್ಕನೆ ಜಗ್ಗಿ ನೊಗವೇ ಸೀಳುತ್ತಿತ್ತು. ಬಂಡಿಯ ಮಾತು ಬೇರೆ. ಅದಕ್ಕೆ ಮೂಕಿ ಇದೆ, ಗಟ್ಟಿ ಮರ. ಎತ್ತು ನಿಂತರೆ ಬಂಡಿಯೂ ನಿಲ್ಲುತ್ತದೆ, ಭಾರವೆಲ್ಲ ಮೂಕಿಯ ಮೇಲೆ, ಕೊರಳ ಮೇಲೆ ಬರುತ್ತದೆ. ನೀನು ಫೋನಿನಲ್ಲಿ ತೋರಿಸಿದ ಅಮೆರಿಕದ ವಿಡಿಯೊದಲ್ಲಿ ಇದ್ದದ್ದು ಮೂಕಿ. ಅಲ್ಲಿ ವಯಸ್ಸಾದ ದಂಪತಿಗಳು ಮನೆಯಷ್ಟು ದೊಡ್ಡ ಮೋಟರ್‌ಹೋಮಿನ ಹಿಂದೆ ಪುಟ್ಟ ಮಾಜ್ದಾ ಮಿಯಾಟಾವನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆದುಕೊಂಡು ಹೋಗುತ್ತಾರೆ, ಒಳಗೆ ಯಾರೂ ಕೂತಿರುವುದಿಲ್ಲ. ಆದರೆ ಆ ಕಾರಿನ ಚಾಸಿಗೆ ಬೋಲ್ಟ್ ಹಾಕಿದ ಕಬ್ಬಿಣದ ತಟ್ಟೆ ಇದೆ, ಅದಕ್ಕೆ ಎರಡು ಕಾಲಿನ ಉಕ್ಕಿನ ಕಂಬಿ, ಕಂಬಿ ಕಳಚಿದರೂ ಹಿಡಿಯಲು ಎರಡು ಚೈನು, ಹಿಂದಿನ ದೀಪಗಳಿಗೆ ವೈರು, ಬ್ರೇಕ್ ಪೆಡಲನ್ನು ತಾನೇ ಒತ್ತುವ ಒಂದು ಯಂತ್ರ. ಅಷ್ಟೆಲ್ಲ ಇದ್ದೂ ಅವರು ಹಿಂದಕ್ಕೆ ರಿವರ್ಸ್ ಹೋಗುವುದಿಲ್ಲ, ಮುಂದಿನ ಚಕ್ರ ಅಡ್ಡ ತಿರುಗಿಬಿಡುತ್ತದೆ. ನಮ್ಮ ಕೈಯಲ್ಲಿರುವುದು ಹಗ್ಗ. ನಮ್ಮಲ್ಲಿ ಆ ಯಂತ್ರದ ಜಾಗದಲ್ಲಿ ಒಬ್ಬ ಮನುಷ್ಯ ಕೂರಬೇಕು.

ಇಬ್ಬರಲ್ಲಿ ಚೆನ್ನಾಗಿ ಓಡಿಸುವವನು ಹಿಂದೆ ಕೂರಬೇಕು. ಮುಂದಿನವನು ಹೊರಡುತ್ತಾನೆ, ತಿರುಗಿಸುತ್ತಾನೆ, ಅಷ್ಟೇ. ಇಬ್ಬರ ಬ್ರೇಕೂ ಹಿಂದಿನವನ ಕಾಲ ಕೆಳಗೆ. ಮುಂದಿನವನ ಬ್ರೇಕ್ ದೀಪ ಕಂಡ ತಕ್ಷಣ, ಅವನ ಗಾಡಿ ನಿಧಾನವಾಗುವ ಮೊದಲೇ ಹಿಂದಿನವನು ಒತ್ತಬೇಕು, ಹಗ್ಗ ಸಡಿಲಾಗದಂತೆ. ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೆ ಹಗುರವಾಗಿ ಇಟ್ಟುಕೊಂಡೇ ಇರಬೇಕು. ಮತ್ತೆ, ಆ ಬ್ರೇಕು ನೀನು ದಿನಾ ಒತ್ತುವ ಬ್ರೇಕಲ್ಲ. ಎಂಜಿನ್ ಓಡದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ಇರುವುದಿಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲು ಕಲ್ಲಾಗುತ್ತದೆ. ಕಾಲಿನ ಬಲವನ್ನೆಲ್ಲ ಹಾಕಿ ತುಳಿಯಬೇಕು. ಚಿಕ್ಕೋನಿಗೆ ಹದಿನೇಳು ವರ್ಷ, ಲೈಸೆನ್ಸ್ ಇಲ್ಲ, ಕಲ್ಲಾದ ಪೆಡಲನ್ನು ಅವನು ಹುಟ್ಟಿದಾಗಿನಿಂದ ತುಳಿದಿಲ್ಲ. ಅವನನ್ನು ಅಲ್ಲಿ ಕೂರಿಸಲು ನಾನು ಬಿಡುವುದಿಲ್ಲ.

ಹೊರಡುವ ಮೊದಲು ಇಲ್ಲೇ ಅಂಗಳದಲ್ಲಿ, ಎಂಜಿನ್ ಆಫ್ ಇರುವಾಗ, ನಾಲ್ಕು ಸಲ ಬ್ರೇಕ್ ತುಳಿದು ನೋಡು. ಸ್ಟೀರಿಂಗ್ ತಿರುಗಿಸಿ ನೋಡು. ಕೀಲಿ ಹಾಕಿ ಒಂದು ಹಂತ ತಿರುಗಿಸಿಯೇ ಇರಬೇಕು, ಇಲ್ಲದಿದ್ದರೆ ಮೊದಲ ತಿರುವಿನಲ್ಲಿ ಸ್ಟೀರಿಂಗ್ ಲಾಕ್ ಬೀಳುತ್ತದೆ. ಕೀಲಿಯನ್ನು ಯಾರೂ ಜೇಬಿಗೆ ಹಾಕಿಕೊಳ್ಳಬೇಡಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋದರೆ ತಿರುಗುವ ಸಿಗ್ನಲ್ ಕಾಣುವುದಿಲ್ಲ, ಆದ್ದರಿಂದ ಕೈ ಹೊರಗೆ ಹಾಕಿ ತೋರಿಸು.

ಗೇರು ನ್ಯೂಟ್ರಲ್‌ನಲ್ಲಿರಲಿ. ನಿನ್ನದು ಮುಂದಿನ ಚಕ್ರ ಎಳೆಯುವ, ಕೈಯಲ್ಲಿ ಗೇರು ಹಾಕುವ ಗಾಡಿ. ಅದರ ಗೇರ್‌ಬಾಕ್ಸಿನೊಳಗೆ ಚಕ್ರದ ಜೊತೆ ತಿರುಗುವ ದೊಡ್ಡ ಹಲ್ಲಿನ ಚಕ್ರ ಎಣ್ಣೆಯಲ್ಲೇ ಮುಳುಗಿ ತಿರುಗುವುದರಿಂದ ಎಣ್ಣೆ ತಾನಾಗಿ ಎರಚುತ್ತದೆ. ಆ ಕಾಲದ ಡಾಲ್ಫಿನ್ ಆಗಿದ್ದರೆ ನಾನು ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ತಂದ ಆ 848 ಸಿಸಿ ಗಾಡಿಯೂ ಫೈಬರ್ ಮೈಯ್ಯದೇ, ರ‍್ಯಾಲಿ ಓಡಿಸುವ ಹುಡುಗರಿಗೆ ಅಚ್ಚುಮೆಚ್ಚು, ಆದರೆ ಅದರದ್ದು ಹಿಂದಿನ ಚಕ್ರದ ಎಳೆತ. ಅಂಥ ಗೇರ್‌ಬಾಕ್ಸಿನಲ್ಲಿ ಎಣ್ಣೆ ಎರಚುವ ಕೆಳಗಿನ ಶಾಫ್ಟು ಎಂಜಿನ್ ಜೊತೆ ತಿರುಗುವಂಥದ್ದು. ಎಂಜಿನ್ ನಿಂತು, ಹಿಂದಿನ ಚಕ್ರ ಮಾತ್ರ ಓಡಿದರೆ ಮೇಲಿನ ಬೇರಿಂಗು ಒಣಗಿ ಸುಡಬಹುದು. ದೂರ ಎಳೆಯುವುದಾದರೆ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚುತ್ತಿದ್ದೆವು. ಇನ್ನು ಆಟೊಮ್ಯಾಟಿಕ್ ಗಾಡಿ. 2019ರಲ್ಲಿ ಪೆನುಕೊಂಡದ ಹತ್ತಿರ ಕಿಯಾ ಕಾರ್ಖಾನೆ ಕಾರು ಹೊರಬಿಡಲು ಶುರುಮಾಡಿದ ಮೇಲೆ ನಮ್ಮ ಕಡೆ ಕಾರಿನ ಮಾತೇ ಮಾತು, ಎರಡು ಪೆಡಲಿನ ಗಾಡಿಗಳೂ ಬಂದಿವೆ. ಹೆಚ್ಚಿನ ಆಟೊಮ್ಯಾಟಿಕ್ಕುಗಳೊಳಗೆ ಎಣ್ಣೆ ದೂಡುವ ಪಂಪು ಎಂಜಿನ್ನಿನಿಂದ ತಿರುಗುತ್ತದೆ. ಎಂಜಿನ್ ಸತ್ತ ಮೇಲೆ ಎಳೆದರೆ ಒಳಗೆಲ್ಲ ಒಣ ಉಜ್ಜಾಟ. ಬ್ಯಾಟರಿ ಕಾರನ್ನಂತೂ ಎಳೆಯಲೇಬಾರದು, ಚಕ್ರ ತಿರುಗಿದರೆ ಮೋಟಾರು ಕರೆಂಟ್ ಹುಟ್ಟಿಸುತ್ತದೆ. ನಾಳೆ ಯಾರಾದರೂ ನಿನ್ನನ್ನು ಸಹಾಯಕ್ಕೆ ಕರೆದಾಗ ಇದು ನೆನಪಿರಲಿ.

ನಿನ್ನ ಗೆಳೆಯ "ಎಳೀತಾ ಇರುವಾಗಲೇ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡು, ಸ್ಟಾರ್ಟ್ ಆಗುತ್ತೆ" ಅಂದನಂತಲ್ಲ. ಬೇಡವೇ ಬೇಡ. ಬೆಲ್ಟ್ ಇಲ್ಲದ ಎಂಜಿನ್ನನ್ನು ತಿರುಗಿಸಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯಬಹುದು, ಬೆಲ್ಟಿನ ಖರ್ಚು ಎಂಜಿನ್ನಿನ ಖರ್ಚಾಗುತ್ತದೆ. ಬೆಲ್ಟ್ ಚೆನ್ನಾಗಿದ್ದ ಗಾಡಿಯಾದರೂ ಹಗ್ಗದಲ್ಲಿರುವಾಗ ಸ್ಟಾರ್ಟ್ ಆದರೆ ನೇರ ಮುಂದಿನ ಗಾಡಿಗೆ ಹಾರುತ್ತದೆ.

ಈಗ ಹಗ್ಗ. ಬಂಪರಿಗೆ ಕಟ್ಟಬೇಡ, ಫೈಬರ್ ಮೂತಿಯೇ ಕಿತ್ತು ಬರುತ್ತದೆ. ಚಕ್ರ ತಿರುಗಿಸುವ ರಾಡಿಗೆ, ಕೆಳಗಿನ ಆರ್ಮ್‌ಗೆ ಕಟ್ಟಬೇಡ. ಕಾರಿನ ಕೆಳಗೆ ಮಲಗಿ ನೋಡಿ, ಎಳೆಯಲೆಂದೇ ಕೊಟ್ಟ ಕೊಕ್ಕೆ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಚಾಸಿಗೆ. ಜಾಕಿಯ ಜೊತೆ ಡಿಕ್ಕಿಯಲ್ಲಿ ತಿರುಪಿನ ಕೊಕ್ಕೆ ಇಟ್ಟಿರುವ ಕಾರುಗಳಿವೆ, ಅದನ್ನೂ ಹುಡುಕು. ಅಂಥದ್ದು ಸಿಕ್ಕರೆ ಕೊನೆಯ ಸುತ್ತಿನ ತನಕ ಬಿಗಿಯಬೇಕು. ಬಾವಿಯ ಹಳೇ ಹಗ್ಗ ಬೇಡ, ಬಿಸಿಲಿಗೆ ಸುಟ್ಟಿರುತ್ತದೆ. ಉಕ್ಕಿನ ವೈರ್ ಹಗ್ಗ ಹಿಗ್ಗುವುದಿಲ್ಲ, ಪ್ರತಿ ಜಗ್ಗೂ ಕೊಕ್ಕೆಗೆ ಸುತ್ತಿಗೆ ಏಟು. ಹೊಸ ನೈಲಾನ್ ಪಟ್ಟಿ ತೆಗೆದುಕೊ, ಸ್ವಲ್ಪ ಹಿಗ್ಗಿ ಏಟನ್ನು ನುಂಗುತ್ತದೆ. ಆದರೆ ಹಿಗ್ಗಿದ್ದು ಕಿತ್ತರೆ ಹಾವಿನಂತೆ ಹಿಂದಕ್ಕೆ ಹೊಡೆಯುತ್ತದೆ, ಆದ್ದರಿಂದ ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸು, ಹೊರಡುವಾಗ ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಗೋಣಿಚೀಲದ ಮೇಲೆ ಕೆಂಪು ಬಟ್ಟೆಯನ್ನೂ ಕಟ್ಟು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ, ಯಾಕೆಂದು ಹೇಳುತ್ತೇನೆ. ನನಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮದುವೆಯಿಂದ ಬರುವಾಗ ನೆಂಟರ ಅಂಬಾಸಿಡರ್ ಕೆಟ್ಟುನಿಂತಿತು. ನನ್ನ ಲಾರಿಗೆ ಕಟ್ಟಿ ಎಳೆದೆ. ಮುಸ್ಸಂಜೆ. ಹಗ್ಗ ಉದ್ದವಾಗಿತ್ತು, ಹತ್ತು ಮೀಟರಿಗೂ ಹೆಚ್ಚು, ನಡುವೆ ಒಂದು ಚಿಂದಿಯೂ ಇರಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗ ಲಾರಿ ಹೋಯಿತು, ಹಿಂದೆ ಕಾರು ದೂರವಿದೆ ಅಂದುಕೊಂಡು ನಡುವೆ ನುಗ್ಗಿದ. ಹಗ್ಗ ಅವನ ಎದೆಗೆ ಬಡಿಯಿತು. ಹೆಗಲ ಮೂಳೆ ಮುರಿಯಿತು, ಜೀವ ಉಳಿಯಿತು. ಲಾರಿಯಲ್ಲಿ ಕೂತ ನನಗೆ ಕಿರುಚಾಟ ಕೇಳಿಸುವ ತನಕ ಏನೂ ಗೊತ್ತಾಗಲಿಲ್ಲ. ಆ ಕೈಯನ್ನು ಅವನು ಈಗಲೂ ಪೂರ್ತಿ ಮೇಲೆತ್ತಲಾರ. ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವನೇ ನಕ್ಕು ಮಾತಾಡಿಸುತ್ತಾನೆ, ನಾನು ತಲೆ ತಗ್ಗಿಸುತ್ತೇನೆ. ನಮ್ಮ ರಸ್ತೆಯಲ್ಲಿ ಕುರಿಮಂದೆ ಬರುತ್ತದೆ. ಮುಂದಿನ ಗಾಡಿ ದಾಟಿದ ಕೂಡಲೇ ಮಂದೆ ಅಡ್ಡ ನುಗ್ಗುತ್ತದೆ, ಹಿಂದೆ ಕುರಿ ಕಾಯುವವನೂ ಓಡಿಬರುತ್ತಾನೆ. ಮಂದೆ ಕಂಡರೆ ಪೂರ್ತಿ ನಿಂತುಬಿಡಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಕಡಲೆಕಾಯಿ ಹರವಿದ ಕಡೆಯೂ ಹಾಗೇ, ಅಲ್ಲಿ ಬ್ರೇಕ್ ಜಾರುತ್ತದೆ. ಕತ್ತಲಾದ ಮೇಲೆ ಹಗ್ಗದ ಮಾತೇ ಇಲ್ಲ.

ಇನ್ನೊಂದು. ನಮ್ಮದು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಊರು. ಮುಂದಿನವನು ತಲೆ ಹೊರಗೆ ಹಾಕಿ "ಆಗು" ಅಂದರೆ ತೆಲುಗಿನಲ್ಲಿ ನಿಲ್ಲು ಅಂತ. ಬೆಂಗಳೂರಿನಲ್ಲಿ ಬೆಳೆದ ನಿನ್ನ ಗೆಳೆಯನ ಕಿವಿಗೆ ಅದು "ಆಗಲಿ, ಬಾ" ಅಂದಂತೆ ಕೇಳಿಸುತ್ತದೆ. ಇಂಥ ಒಂದು ಮಾತಿನಿಂದ ಬಂಪರಿಗೆ ಬಂಪರ್ ಬಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತು ಬೇಡ, ಹಾರ್ನ್ ಇಟ್ಟುಕೊಳ್ಳೋಣ: ಒಂದು ಸಲ ಅಂದರೆ ನಿಧಾನ, ಎರಡು ಸಲ ಅಂದರೆ ನಿಲ್ಲು, ಉದ್ದ ಹಾರ್ನ್ ಅಂದರೆ ಅಪಾಯ. ಹೊರಡುವಾಗ ಮುಂದಿನವನು ಮೊದಲ ಗೇರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಇಷ್ಟಿಷ್ಟೇ ತೆವಳಬೇಕು. ಹಗ್ಗ ಬಿಗಿಯುವ ತನಕ ಹಿಂದಿನವನು ಹ್ಯಾಂಡ್‌ಬ್ರೇಕ್ ಹಗುರವಾಗಿ ಹಿಡಿದಿದ್ದು, ಬಿಗಿದ ಮೇಲೆ ಬಿಡಬೇಕು.

ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡೋಣ. ಬೊಲೆರೊ ನಾನು ಓಡಿಸುತ್ತೇನೆ, ನನ್ನ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ಕಾರಿನಲ್ಲಿ ನೀನು ಕೂರು, ಅದರ ಬ್ರೇಕು ಸ್ಟೀರಿಂಗು ನಿನ್ನ ಕೈಕಾಲಿಗೆ ಗೊತ್ತು. ಚಿಕ್ಕೋನು ಬೊಲೆರೊದ ಹಿಂದಿನ ಸೀಟಿನಲ್ಲಿ ನಿನ್ನ ಕಡೆ ಮುಖ ಮಾಡಿ ಕೂತು, ಕಣ್ಣು ಕೀಳದೆ ನಿನ್ನ ಕೈಯನ್ನೂ ಹಗ್ಗವನ್ನೂ ನೋಡುತ್ತ ನನಗೆ ಹೇಳುತ್ತಿರಲಿ. ಬಿಳಿ ಹಲಗೆಗೆ ಅಕ್ಷರ ಅವನೇ ಬರೆಯಲಿ, ಅವನ ಅಕ್ಷರ ದುಂಡಗಿದೆ. ಕೆಂಪು ಬಟ್ಟೆಗೆ ನಿಮ್ಮ ದೊಡ್ಡಮ್ಮನ ಹಳೇ ಸೀರೆ ಅಟ್ಟದ ಮೇಲಿದೆ, ಹೋಗಿ ಈಗಲೇ ಇಳಿಸಿಕೊ.