ಪಡುಕೋಣೆಯ ನಿರ್ಮಾಪಕ, ಮೈಸೂರಿನ ಕ್ಯಾಮೆರಾಮ್ಯಾನ್

ಪಡುಕೋಣೆ ಅಂದ ಕೂಡಲೇ ನಮಗೆಲ್ಲ ದೀಪಿಕಾ ನೆನಪಾಗ್ತಾರೆ, ನಮ್ಮ ಅಪ್ಪಂದಿರಿಗೆ ಪ್ರಕಾಶ್. ಅವರಿಬ್ಬರಿಗಿಂತ ಮೊದಲೇ ಹಿಂದಿ ಸಿನಿಮಾದಲ್ಲಿ ಇನ್ನೊಬ್ಬರು ಪಡುಕೋಣೆ ಇದ್ದರು. ವಸಂತಕುಮಾರ್ ಶಿವಶಂಕರ್ ಪಡುಕೋಣೆ. ಪರದೆ ಮೇಲಿನ ಹೆಸರು ಗುರುದತ್. ಹೆಸರು ಕೇಳಿ ಬಂಗಾಳಿ ಅಂದುಕೊಂಡವರು ತುಂಬಾ ಜನ. ಅವರು ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಲ್ಲಿ. ಮನೆತನದ ಹೆಸರು ನಮ್ಮ ಕುಂದಾಪುರದ ಆಚೆ, ಮರವಂತೆ ಹತ್ತಿರದ ಪಡುಕೋಣೆಯದ್ದು. ಬೆಳೆದದ್ದು ಕಲ್ಕತ್ತಾದಲ್ಲಿ. ಅವರ ಅಮ್ಮ ವಾಸಂತಿ ಪಡುಕೋಣೆ ಮಗನ ಬಗ್ಗೆ ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದಾರೆ, ‘ನನ್ನ ಮಗ ಗುರುದತ್ತ’ ಅಂತ.

ಗುರುದತ್ ನಿರ್ದೇಶಕ, ನಟ ಅಂತ ಎಲ್ಲರೂ ಬರೀತಾರೆ. ನಾನಿಲ್ಲಿ ನೋಡಬೇಕು ಅಂದುಕೊಂಡದ್ದು ನಿರ್ಮಾಪಕ ಗುರುದತ್ತನ್ನು.

ಮೊದಲು, ನಿರ್ಮಾಪಕ ಅಂದ್ರೆ ಯಾರು? ದುಡ್ಡು ಹಾಕುವವನು ಅಂತ ಒಂದೇ ಮಾತಲ್ಲಿ ಮುಗಿಸ್ತೇವೆ. ನನ್ನ ಊರು ಪೆರ್ಡೂರು. ಅಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ, ಯಾಕಂದ್ರೆ ಯಕ್ಷಗಾನ ಮೇಳ ಉಂಟು. ರಂಗಸ್ಥಳದಲ್ಲಿ ಆಟವನ್ನು ನಡೆಸುವುದು ಭಾಗವತರು. ಆದರೆ ಯಾವ ಕಲಾವಿದರನ್ನು ಮೇಳಕ್ಕೆ ತರಬೇಕು, ಈ ವರ್ಷ ಯಾವ ಹೊಸ ಪ್ರಸಂಗ, ಯಾವ ಊರಲ್ಲಿ ಡೇರೆ ಹಾಕೋದು, ಮಳೆ ಬಂದು ಆಟ ನಿಂತರೂ ಸಂಬಳ ಎಲ್ಲಿಂದ ಅಂತ ತಲೆ ಕೆಡಿಸಿಕೊಳ್ಳುವವರು ಯಜಮಾನರು. ಟಿಕೆಟ್ ಇಟ್ಟು ಆಡುವ ಮೇಳದಲ್ಲಂತೂ ಒಂದು ಪ್ರಸಂಗ ಓಡಲಿಲ್ಲ ಅಂದ್ರೆ ಪೆಟ್ಟು ನೇರ ಅವರಿಗೇ. ಸಿನಿಮಾ ನಿರ್ಮಾಪಕ ಅಂದ್ರೆ ಆ ಯಜಮಾನ. ಗುರುದತ್ ಯಜಮಾನರೂ ಹೌದು, ಭಾಗವತರೂ ಹೌದು, ಎಷ್ಟೋ ಸಲ ವೇಷವೂ ಅವರದ್ದೇ.

ಮನೆಯಲ್ಲಿ ದುಡ್ಡಿಲ್ಲದೆ ಅವರು ಕಾಲೇಜಿಗೆ ಹೋಗಲಿಲ್ಲ. ಅಲ್ಮೋರಾದಲ್ಲಿ ಉದಯಶಂಕರ್ ಅವರ ಕೇಂದ್ರದಲ್ಲಿ ನೃತ್ಯ ಕಲಿತರು. ಸ್ವಲ್ಪ ದಿನ ಕಲ್ಕತ್ತಾದ ಲೀವರ್ ಬ್ರದರ್ಸ್ ಫ್ಯಾಕ್ಟರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಆಮೇಲೆ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿ. ಅಲ್ಲಿ ಸಿಕ್ಕ ಗೆಳೆಯ ದೇವ್ ಆನಂದ್. ಇಬ್ಬರಿಗೂ ಆಗಿನ್ನೂ ಹೆಸರಿಲ್ಲ. ನಾನು ನಿರ್ಮಾಪಕ ಆದರೆ ನೀನು ನಿರ್ದೇಶಕ, ನೀನು ಸಿನಿಮಾ ಮಾಡಿದರೆ ನಾನು ಹೀರೋ ಅಂತ ಒಪ್ಪಂದ ಮಾಡಿಕೊಂಡರಂತೆ. ಇಂಥ ಸ್ಟಾರ್ಟಪ್ ಮಾತುಕತೆ ಹಾಸ್ಟೆಲ್‌ಗಳಲ್ಲಿ ವಾರಕ್ಕೊಂದು ನಡೀತದೆ. ಇವರದ್ದು ಮಾತ್ರ ನಿಜವಾಯಿತು: ದೇವ್ ಅವರ ನವಕೇತನ್ ಸಂಸ್ಥೆಗೆ 1951ರಲ್ಲಿ ‘ಬಾಜಿ’ ನಿರ್ದೇಶಿಸಿದ್ದು ಗುರುದತ್. 1956ರಲ್ಲಿ ಗುರುದತ್ ನಿರ್ಮಿಸಿದ ‘ಸಿ.ಐ.ಡಿ.’ಗೆ ದೇವ್ ಆನಂದ್ ಹೀರೋ.

ಈ ‘ಸಿ.ಐ.ಡಿ.’ ನೋಡಿದರೆ ನಿರ್ಮಾಪಕನ ತಲೆ ಹೇಗೆ ಓಡ್ತದೆ ಅಂತ ಗೊತ್ತಾಗ್ತದೆ. ನಿರ್ದೇಶನ ತಾವು ಮಾಡಲಿಲ್ಲ, ತಮ್ಮ ಸಹಾಯಕ ರಾಜ್ ಖೋಸ್ಲಾಗೆ ಕೊಟ್ಟರು. ತೆಲುಗು ಸಿನಿಮಾದಲ್ಲಿ ನೃತ್ಯ ಮಾಡಿ ಹೆಸರಾಗಿದ್ದ ವಹೀದಾ ರೆಹಮಾನ್ ಅವರನ್ನು ಹಿಂದಿಗೆ ತಂದದ್ದು ಇದರಲ್ಲೇ. ಕೊಲೆ, ಪೊಲೀಸು, ಒಳ್ಳೆ ಹಾಡುಗಳು. ಸಿನಿಮಾ ಚೆನ್ನಾಗಿ ಓಡಿತು. ಮರುವರ್ಷ, 1957ರಲ್ಲಿ, ‘ಪ್ಯಾಸಾ’. ಯಾರೂ ಕೇಳದ ಒಬ್ಬ ಕವಿಯ ಕಥೆ. ದಿಲೀಪ್ ಕುಮಾರ್ ಮಾಡಬೇಕಿತ್ತು, ಅವರು ಬರಲಿಲ್ಲ, ಗುರುದತ್ ತಾವೇ ನಿಂತರು. 2005ರಲ್ಲಿ ಟೈಮ್ ಪತ್ರಿಕೆ ಮಾಡಿದ ಜಗತ್ತಿನ 100 ಸಿನಿಮಾಗಳ ಪಟ್ಟಿಯಲ್ಲಿ ಅದು ಉಂಟು. ನನಗೆ ಅನಿಸುವುದು, ‘ಸಿ.ಐ.ಡಿ.’ ಓಡದೇ ಇದ್ದಿದ್ದರೆ ‘ಪ್ಯಾಸಾ’ಕ್ಕೆ ಅಷ್ಟು ಧೈರ್ಯ ಬರ್ತಿರಲಿಲ್ಲ.

ಇನ್ನು ನಮ್ಮಂಥವರಿಗೆ ಇಷ್ಟ ಆಗುವ ಭಾಗ. ಗುರುದತ್ತರ ಕ್ಯಾಮೆರಾಮ್ಯಾನ್ ವಿ.ಕೆ. ಮೂರ್ತಿ, ಮೈಸೂರಿನವರು. ಓದಿದ್ದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಛಾಯಾಗ್ರಹಣದ ಡಿಪ್ಲೊಮಾ. ಹೌದು ಮಾರಾಯ್ರೆ, ಡಿಪ್ಲೊಮಾ! ‘ಬಾಜಿ’ಯಲ್ಲಿ ಅವರಿನ್ನೂ ಕ್ಯಾಮೆರಾ ಸಹಾಯಕ. ಕಷ್ಟದ ಒಂದು ಶಾಟನ್ನು ನಾನು ತೆಗೀಲಾ ಅಂತ ಕೇಳಿ ತೆಗೆದರು. ಮುಂದಿನ ‘ಜಾಲ್’ನಿಂದ ಅವರೇ ಛಾಯಾಗ್ರಾಹಕರು. ಸಹಾಯಕನ ಕೈ ನೋಡಿ ಇಡೀ ಕ್ಯಾಮೆರಾ ಕೊಟ್ಟದ್ದು ಕೂಡ ಯಜಮಾನಿಕೆಯ ಗುಣ ಅಲ್ವಾ?

ಇಬ್ಬರೂ ಸೇರಿ ಮಾಡಿದ ದೊಡ್ಡ ಸಾಹಸ 1959ರ ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸಿನಿಮಾಸ್ಕೋಪ್‌ನಲ್ಲಿ ಫಿಲ್ಮ್ ಅದೇ 35 ಮಿಲಿಮೀಟರಿನದ್ದು. ಕ್ಯಾಮೆರಾದ ಮುಂದೆ ಅನಮಾರ್ಫಿಕ್ ಲೆನ್ಸ್ ಇರ್ತದೆ, ಅದು ದೃಶ್ಯದ ಅಗಲವನ್ನು ಮಾತ್ರ ಅರ್ಧಕ್ಕೆ ಹಿಂಡ್ತದೆ, ಎತ್ತರವನ್ನು ಮುಟ್ಟುವುದಿಲ್ಲ. ಥಿಯೇಟರಿನ ಪ್ರೊಜೆಕ್ಟರಿಗೆ ಇನ್ನೊಂದು ಲೆನ್ಸ್ ಹಾಕಿ ಆ ಅಗಲವನ್ನು ವಾಪಸ್ ಬಿಡಿಸಬೇಕು. ಹಳೇ ಪರದೆಯಲ್ಲಿ ಎತ್ತರ 1 ಇದ್ದರೆ ಅಗಲ 1.37. ಇದರಲ್ಲಿ 2.35. ಅಂದ್ರೆ ನಿರ್ಮಾಪಕ ಕ್ಯಾಮೆರಾ ಮಾತ್ರ ಬದಲಿಸಿದರೆ ಸಾಲದು, ತೋರಿಸುವವನ ಹತ್ರವೂ ಆ ಲೆನ್ಸ್, ಆ ಪರದೆ ಇರಬೇಕು. ಇಲ್ಲದಿದ್ದರೆ ಪರದೆ ಮೇಲೆ ಮುಖಗಳೆಲ್ಲ ಉದ್ದುದ್ದ, ಸಪೂರ.

ಆ ಸಿನಿಮಾದ ಒಂದು ಹಾಡಲ್ಲಿ ಖಾಲಿ ಸ್ಟುಡಿಯೋದ ಮಾಡಿನಿಂದ ಒಂದು ಬೆಳಕಿನ ಕೋಲು ಕೆಳಗೆ ಬೀಳ್ತದೆ. ಹಾಡಿದ್ದು ಗುರುದತ್ತರ ಹೆಂಡತಿ ಗೀತಾ ದತ್. ಸ್ಟುಡಿಯೋ ಲೈಟು ಹಾಕಿದರೆ ಬೆಳಕು ಹರಡಿಕೊಳ್ತದೆ. ಬೇಕಾದದ್ದು ಸಮಾನಾಂತರ ಕಿರಣ, ಅದು ಸಿಗುವುದು ಸೂರ್ಯನಿಂದ. ಮೂರ್ತಿಯವರು ಹೊರಗೆ ಒಂದು ದೊಡ್ಡ ಕನ್ನಡಿ, ಒಳಗೆ ಮೇಲೆ ಇನ್ನೊಂದು ಕನ್ನಡಿ ಇಟ್ಟು ಬಿಸಿಲನ್ನೇ ಒಳಗೆ ತಂದರು. ಗಾಳಿಯಲ್ಲಿ ಧೂಳೋ ಹೊಗೆಯೋ ಇದ್ದರೇ ಆ ಕೋಲು ಕಣ್ಣಿಗೆ ಕಾಣುವುದು, ಪಿಯುಸಿಯ ಟಿಂಡಾಲ್ ಪರಿಣಾಮ ನೆನಪಿಸಿಕೊಳ್ಳಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಕನ್ನಡಿಯನ್ನೂ ತಿರುಗಿಸ್ತಾ ಇರಬೇಕು. ಈಗ ನಾವು ಹೀಲಿಯೋಸ್ಟಾಟ್ ಅಂತ ಓದುವುದು ಇದನ್ನೇ.

ಇಷ್ಟೆಲ್ಲ ಮಾಡಿ ಸಿನಿಮಾ ಸೋತಿತು, ದೊಡ್ಡ ನಷ್ಟ. ಲೆನ್ಸ್ ಒಂದೇ ಕಾರಣ ಅಲ್ಲ, ಕಥೆಯೂ ತುಂಬಾ ದುಃಖದ್ದು: ಸೋತು ಹೋದ ಒಬ್ಬ ಸಿನಿಮಾ ನಿರ್ದೇಶಕನ ಕಥೆ. ಆಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕ ಅಂತ ತಮ್ಮ ಹೆಸರು ಹಾಕಲಿಲ್ಲ. ಆದರೆ ನಿರ್ಮಾಪಕನ ಕೆಲಸ ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ, ಸಂಸ್ಥೆ ನಂಬಿದವರು ಇದ್ದರಲ್ಲ. ಮರುವರ್ಷವೇ ‘ಚೌದ್‌ವೀ ಕಾ ಚಾಂದ್’, ನಿರ್ದೇಶನ ಎಂ. ಸಾದಿಕ್. ಅದು ಭರ್ಜರಿ ಓಡಿ ಸಂಸ್ಥೆಯನ್ನು ಎತ್ತಿ ನಿಲ್ಲಿಸಿತು. 1962ರಲ್ಲಿ ತಮ್ಮ ಬರಹಗಾರ ಅಬ್ರಾರ್ ಅಲ್ವಿ ಕೈಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಮಾಡಿಸಿದರು. ಫಿಲ್ಮ್‌ಫೇರ್ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಮೂರ್ತಿಯವರಿಗೂ ಬಂತು. ಇದರ ನಡುವೆ ಶುರು ಮಾಡಿ ಅರ್ಧಕ್ಕೇ ಬಿಟ್ಟ ಚಿತ್ರಗಳೂ ಇವೆ. ‘ರಾಜ್’ ಅಂಥದ್ದು. ಮನಸ್ಸಿಗೆ ಬರಲಿಲ್ಲ ಅಂದ್ರೆ ನಿಲ್ಲಿಸಿಬಿಡ್ತಿದ್ದರು. ಯಜಮಾನನಾಗಿ ಇದು ಅವರ ದೌರ್ಬಲ್ಯ ಅಂತಲೇ ನಾನು ಹೇಳ್ತೇನೆ, ಒಂದೊಂದು ಸಲ ನಿಲ್ಲಿಸಿದ ರೀಲಿನ ಹಿಂದೆ ಎಷ್ಟು ಜನರ ತಿಂಗಳ ಸಂಬಳ ಇರ್ತದೆ.

1964ರ ಅಕ್ಟೋಬರ್ 10ರಂದು ಮುಂಬೈಯಲ್ಲಿ ಅವರು ತೀರಿಕೊಂಡರು. ವಯಸ್ಸು ಬರೀ 39. ಆಗ ಚಿತ್ರೀಕರಣದಲ್ಲಿದ್ದ ‘ಬಹಾರೇಂ ಫಿರ್ ಭೀ ಆಯೇಂಗೀ’ಯಲ್ಲಿ ಅವರ ಪಾತ್ರವನ್ನು ಧರ್ಮೇಂದ್ರ ಅವರಿಂದ ಮತ್ತೆ ಮಾಡಿಸಿ 1966ರಲ್ಲಿ ಬಿಡುಗಡೆ ಮಾಡಿದರು.

ಮೂರ್ತಿಯವರು ಮುಂದೆ 1993ರಲ್ಲಿ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಿಕ್ಕಿತು, ಅದನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ಬೆಂಗಳೂರಲ್ಲಿ ತೀರಿಕೊಂಡರು.

‘ಕಾಗಜ್ ಕೆ ಫೂಲ್’ ನೋಡುವುದಾದರೆ ಫೋನಲ್ಲಿ ಬೇಡ, ಲ್ಯಾಪ್‌ಟಾಪ್‌ನಲ್ಲಾದರೂ ನೋಡಿ, ರೂಮಿನ ಲೈಟ್ ಆರಿಸಿ. ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಸೆಟ್ಟಿಂಗ್ ತಪ್ಪಿದೆ ಅಂತ ಝೂಮ್ ಮಾಡಬೇಡಿ. ಅದೇ ಆ 2.35.